ಹೆತ್ತೂರು ರಸ್ತೆಯಲ್ಲಿ ನಾನು ಬಿಟ್ಟ ಆನೆ

ನಮ್ಮ ಕೇಬಲ್ ಚಾನೆಲ್ಲಿನ ಚರಿತ್ರೆ ಬರೆಯಲು ನನಗಿಂತ ಅರ್ಹರು ಇರಲಾರರು. ಚರಿತ್ರೆಯಲ್ಲಿ ಎಂ.ಎ. ಮಾಡಿದ್ದೇನೆ, ಅಲ್ಲಿ ನಾಲ್ಕು ವರ್ಷ ಕೆಲಸವನ್ನೂ ಮಾಡಿದ್ದೇನೆ. ತೊಡಕು ಇಷ್ಟೇ: ದಾಖಲೆ ಅನ್ನುವುದು ಇಲ್ಲ. ಇವತ್ತಿನ ಸುದ್ದಿಯ ಮೇಲೇ ನಾಳೆಯ ಸುದ್ದಿಯನ್ನು ರೆಕಾರ್ಡ್ ಮಾಡುತ್ತಿದ್ದೆವು. ಉಳಿದಿರುವುದು ನನ್ನ ನೆನಪು. ಅದನ್ನು ನಾನು ನಂಬುತ್ತಿದ್ದ ಕಾಲವೊಂದಿತ್ತು.

ಸಕಲೇಶಪುರದಲ್ಲಿ ಬಟ್ಟೆ ಅಂಗಡಿಯ ಮೇಲೆ ಎರಡು ಕೋಣೆ, ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್. ಸಂಜೆ ಏಳಕ್ಕೆ ಸುದ್ದಿ, ಮಿಕ್ಕ ಹೊತ್ತು ಸಿನಿಮಾ ಹಾಡು, ಹುಟ್ಟುಹಬ್ಬದ ಶುಭಾಶಯ. ಕಾಫಿ ಎಸ್ಟೇಟುಗಳ ಸಿಲ್ವರ್ ಓಕ್ ಮರಗಳಿಗೆ ಕಟ್ಟಿದ್ದ ಕೇಬಲ್ಲಿನ ಮೇಲೆ ಕೊಂಬೆ ಮುರಿದು ಬಿದ್ದರೆ ಅರ್ಧ ತಾಲ್ಲೂಕಿಗೆ ಸುದ್ದಿಯಿಲ್ಲ. ಹಾಡು ನಿಂತಿತೆಂದು ಫೋನ್ ಬರುತ್ತಿತ್ತು, ಸುದ್ದಿ ನಿಂತಿತೆಂದು ಯಾರೂ ದೂರಲಿಲ್ಲ.

ಜನ ನಿಜವಾಗಿ ಓದುತ್ತಿದ್ದದ್ದು ಪರದೆಯ ಕೆಳಗೆ ಓಡುವ ಸಾಲನ್ನು. ಆನೆ ಎಲ್ಲಿದೆಯೆಂದು ಫಾರೆಸ್ಟ್ ವಾಚರ್ ಫೋನಿನಲ್ಲಿ ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ. ತಮ್ಮ ರಸ್ತೆಯ ಹೆಸರು ಬಂದರೆ ಎಸ್ಟೇಟಿನ ಲೈನುಮನೆಗಳಲ್ಲಿರುವ ಆಳುಗಳು ಮರುದಿನ ತೋಟಕ್ಕೆ ಇಳಿಯುತ್ತಿರಲಿಲ್ಲ, ಹಾಜರಿ ಹಾಕುವ ಎಸ್ಟೇಟ್ ರೈಟರ್ ಕೂಡ ಕರೆಯುತ್ತಿರಲಿಲ್ಲ.

ಒಂದು ವರ್ಷ ಕಾಫಿ ಹಣ್ಣಿನ ಕೊಯ್ಲು ನಡೆಯುತ್ತಿದ್ದಾಗ ಹೆತ್ತೂರು ಕಡೆಯ ಲೈನಿನಿಂದ ಒಬ್ಬ ತಾಯಿ ನಮ್ಮ ಆಫೀಸಿಗೆ ಬಂದರು. ಗುರುವಾರ ಅವರ ಮಗಳನ್ನು ನೋಡಲು ಕುಂದೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೆ ಮುಂಚೆ ಬಂದಿದ್ದ ಎರಡು ಕಡೆಯವರು ಒಪ್ಪಿರಲಿಲ್ಲ. ಗಂಡ ತೀರಿಕೊಂಡಿದ್ದ, ತಾವೂ ತೋಟದಲ್ಲಿದ್ದರೆ ಬಂದವರನ್ನು ಕೂರಿಸುವವರು ಯಾರು? ಕೊಯ್ಲು ಮುಗಿಯುವ ತನಕ ರಜೆಯ ಮಾತೇ ಬೇಡವೆಂದಿದ್ದ ರೈಟರ್.

“ಗುರುವಾರ ಒಂದಿನ ನಮ್ ರಸ್ತೆಲಿ ಒಂದು ಆನೆ ಬುಡಪ್ಪ,” ಅಂದರು. “ಮರಿಯಾದ್ರೂ ಸಾಕು.”

ಆಕರ, ಸಾಕ್ಷ್ಯ ಎಂದೆಲ್ಲ ನಾನು ಸಣ್ಣದೊಂದು ಉಪನ್ಯಾಸ ಕೊಟ್ಟೆ. ಪೂರ್ತಿ ಕೇಳಿಸಿಕೊಂಡು, ಹೋದ ವಾರ ತೋರಿಸಿದ ಆನೆ ಹೋದ ವರ್ಷದ್ದೇ ಅಲ್ಲವೇ ಎಂದು ವಿಚಾರಿಸಿದರು. ನಿಜ. ನಾವು ಅಳಿಸದೆ ಇಟ್ಟುಕೊಂಡಿದ್ದ ಒಂದೇ ಕ್ಲಿಪ್ಪು ಅದು. ಆಲೂರಿಗೆ ಆನೆ ಬಂದರೂ ಹೆತ್ತೂರಿಗೆ ಬಂದರೂ ಟೀವಿಯಲ್ಲಿ ಅದೇ ಆನೆ ಅದೇ ಬಾಳೆಗಿಡವನ್ನು ಮುರಿಯುತ್ತಿತ್ತು.

ಬುಧವಾರ ಸಂಜೆ ಟೈಪ್ ಮಾಡಿದೆ: ಹೆತ್ತೂರು ರಸ್ತೆಯಲ್ಲಿ ಒಂಟಿ ಸಲಗ, ಸಾರ್ವಜನಿಕರು ಎಚ್ಚರದಿಂದಿರಬೇಕು. ಮರಿ ಸಾಕೆಂದಿದ್ದರೂ ಧಾರಾಳವಾಗಿ ಸಲಗವನ್ನೇ ಬಿಟ್ಟೆ.

ಈ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ. ಎಸ್ಟೇಟಿನ ದರ್ಬಾರಿನ ವಿರುದ್ಧ ಒಬ್ಬ ವಿಚಾರವಂತನ ಏಕಾಂಗಿ ಹೋರಾಟ! ಹೇಳುತ್ತ ಹೇಳುತ್ತ ಗಂಡು ಒಪ್ಪಿದ, ಮದುವೆಗೆ ನನ್ನನ್ನೂ ಕರೆದರು, ಕುಂದೂರಿನಲ್ಲಿ ಮೊದಲ ಪಂಕ್ತಿಯಲ್ಲೇ ಉಂಡು ಬಂದೆ.

ಚಾನೆಲ್ ಮುಚ್ಚಿ ಬಹಳ ಕಾಲವಾಯಿತು. ಆನೆಯ ಸುದ್ದಿ ಈಗ ನೇರವಾಗಿ ಮೊಬೈಲಿಗೇ ಬರುತ್ತದೆ. ಹೋದ ತಿಂಗಳು ಆಲೂರು ಬಸ್ ಸ್ಟ್ಯಾಂಡಿನಲ್ಲಿ ಆ ತಾಯಿ ಸಿಕ್ಕರು. ಅಳಿಯ ಕುಂದೂರಿನಲ್ಲೇ ಇದ್ದಾನಾ ಎಂದು ಕೇಳಿದೆ.

“ಯಾವ ಕುಂದೂರು, ಮಾರಾಯ? ಅವ್ರು ಬರ್ಲೇ ಇಲ್ವಲ್ಲ. ಅವ್ರ ಮನೇಲೂ ಟೀವಿ ಇತ್ತು ಕಣಪ್ಪ. ಸಲಗ ಐತೆ ಅಂತ ಓದ್ಕಂಡು ಮನೇಲೇ ಕೂತ್ಬುಟ್ರು.”

ಇನ್ನೊಂದು ದಿನ ಕರೆಸಬಹುದಿತ್ತಲ್ಲ ಎಂದೆ. ಹೇಳಿ ನೋಡಿದರಂತೆ. ಹೊರಡುವ ಮೊದಲೇ ಆನೆ ಅಡ್ಡ ಬಂದ ಸಂಬಂಧ ಬೇಡವೆಂದು ಕುಂದೂರಿನವರು ಹೇಳಿ ಕಳಿಸಿದರಂತೆ. ಇಲ್ಲದ ಆನೆಯೂ ಅಪಶಕುನವಾಗಬಲ್ಲದೆಂದು ವಿಶ್ವವಿದ್ಯಾಲಯದಲ್ಲಿ ನಮಗೆ ಹೇಳಿಕೊಟ್ಟಿರಲಿಲ್ಲ. ಹಾಗಾದರೆ ನಾನು ಉಂಡದ್ದು ಯಾರ ಮದುವೆಯಲ್ಲಿ?

ಮಗಳು ಆಮೇಲೆ ಆಲೂರಿನಲ್ಲಿ ಟೈಲರಿಂಗ್ ಕಲಿತು, ಗಂಡನನ್ನು ತಾನೇ ನೋಡಿಕೊಂಡು, ಅಲ್ಲೇ ಮನೆ ಮಾಡಿದ್ದಾಳೆ. ಆದರೂ ನೋಡಲು ಬರಬೇಕಿದ್ದ ಮೂರನೆಯವರು ಮನೆಯ ತನಕವೂ ಬರಲಿಲ್ಲವೆಂಬ ನೋವು ಅವಳಿಗೆ ಹೋಗಿಲ್ಲ. ಇವತ್ತಿಗೂ ಆ ಆನೆಗೆ ಬಯ್ಯುತ್ತಾಳಂತೆ. ನಿಜ ಏನೆಂದು ನಾನೇ ಬಂದು ಹೇಳಿಬಿಡಲೇ ಎಂದು ಕೇಳಿದೆ.

“ಆನೆ ಬುಡು ಅಂದೋಳು ನಾನಲ್ವಾ,” ಅಂದರು ತಾಯಿ. “ಬ್ಯಾಡ ಕಣಪ್ಪ. ತಪ್ಪು ಆನೆ ಮೇಲೇ ಇರ್ಲಿ.”

ಬಸ್ಸು ಹತ್ತುವ ಮುಂಚೆ ಮಗಳ ಮನೆಯ ದಾರಿ ಹೇಳಿದರು. ಬಂದರೆ ಕಾಫಿ ಕುಡಿದು ಹೋಗಬೇಕು, ಆ ಮಾತು ಮಾತ್ರ ಎತ್ತಕೂಡದು.