ಸೊನ್ನೆಯಮ್ಮ ಮತ್ತು ಫಿಕ್ಸ್ಚರಿನ ಬಾಯಿ

ಕಾರ್ಖಾನೆಯ ತಪಾಸಣಾ ಕೋಣೆಯಲ್ಲಿ ಎಲ್ಲರೂ ಅವಳನ್ನು ಸೊನ್ನೆಯಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಬೇಸರವಿಲ್ಲ, ಒಳಗೊಳಗೇ ಹೆಮ್ಮೆ. ವಿದ್ಯುತ್ತನ್ನು ಕೂಡಿಡುವ, ಸಾಸಿವೆಯಷ್ಟು ಚಿಕ್ಕ ಕೆಪಾಸಿಟರುಗಳನ್ನು ಮೀಟರಿನಲ್ಲಿ ಅಳೆಯುವುದು ಅವಳ ಕೆಲಸ. ಅವನ್ನು ಕಚ್ಚಿ ಹಿಡಿಯುವ ಫಿಕ್ಸ್ಚರ್ ತನ್ನದೂ ಒಂದಿಷ್ಟನ್ನು ಅಳತೆಗೆ ಸೇರಿಸಿಬಿಡುತ್ತದೆ. ಅದಕ್ಕೇ ಮೊದಲು ಖಾಲಿ ಫಿಕ್ಸ್ಚರನ್ನು ಅಳೆದು, ಅಷ್ಟನ್ನು ಕಳೆಯುವಂತೆ ಮೀಟರಿಗೆ ಹೇಳಬೇಕು. ‘ಸೊನ್ನೆ ಮಾಡುವುದು’ ಎಂದರೆ ಇದೇ. ಬೇರೆಯವರು ಬೆಳಿಗ್ಗೆ ಒಮ್ಮೆ ಮಾಡಿ ಕೈತೊಳೆದುಕೊಂಡರೆ, ಇವಳು ಟೀ ಕುಡಿದು ಬಂದರೂ ಮಾಡುವಳು, ಯಾರದೋ ಮೊಣಕೈ ಕೇಬಲ್ಲಿಗೆ ತಗುಲಿದರೂ ಮಾಡುವಳು, ಪಕ್ಕದವರು ಸೀನಿದರೂ ಮಾಡುವಳು.

ಮನೆಯಲ್ಲೂ ಅದೇ ಚಾಳಿ. ನಾದಿನಿ “ಈಗ ಬಂದೆ” ಎಂದರೆ ಒಂದು ಗಂಟೆ ಸೇರಿಸಿಯೇ ಒಲೆ ಹಚ್ಚುವಳು. ದರ್ಜಿಯಾದ ಗಂಡ ಅಡುಗೆ ಹೊಗಳಿದರೆ ಅರ್ಧ ಕಳೆದು ಸಂತೋಷಪಡುವಳು.

ಒಮ್ಮೆ ಕೋಣೆಗೆ ಹೊಸ ಫಿಕ್ಸ್ಚರ್ ಬಂತು. ಹಳೆಯದರ ಬಾಯಿ ಒಂದೇ ಅಗಲ; ಇದರದ್ದನ್ನು ತಿರುಪು ತಿರುಗಿಸಿ ಬೇಕಾದಷ್ಟು ತೆರೆಯಬಹುದಿತ್ತು. ಸೊನ್ನೆಯಮ್ಮ ಅದನ್ನು ಒರೆಸಿ, ಬಾಯನ್ನು ಪೂರ್ತಿ ಅಗಲಿಸಿ ಸೊನ್ನೆ ಮಾಡಿದಳು. ಆಮೇಲೆ ಅಳೆದ ಕೆಪಾಸಿಟರುಗಳೆಲ್ಲ ಹೆಚ್ಚು ತೋರಿಸಿದವು. ಮತ್ತೆ ಸೊನ್ನೆ ಮಾಡಿದಳು. ಮತ್ತೆ ಅದೇ ಕಥೆ. ಹಾಗಾದರೆ ಮಾಲೇ ಕೆಟ್ಟದ್ದು! ಮಾಲು ಕಳಿಸಿದ ಕಂಪನಿಯಲ್ಲಿ ತಪಾಸಣೆ ನೋಡಿಕೊಳ್ಳುವ ಹೆಂಗಸಿಗೆ ಫೋನ್ ಹೋಯಿತು.

“ಏನ್ರೀ, ನಿಮ್ಮಲ್ಲಿ ಸೊನ್ನೆ ಮಾಡೋ ಅಭ್ಯಾಸಾನೇ ಇಲ್ವಾ?”

“ಇದೆ. ನೀವು ಮಾಡಿದ್ರಾ?”

ಸೊನ್ನೆಯಮ್ಮನನ್ನು ಈ ಪ್ರಶ್ನೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಫೋನ್ ಕುಕ್ಕಿದಳು.

ಮರುದಿನ ಆ ಹೆಂಗಸು ತಾನೇ ಹೊರಟು ಬಂದು, ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತಳು. ಸೊನ್ನೆಯಮ್ಮ ಗತ್ತಿನಿಂದ ತಿರುಪು ತಿರುಗಿಸಿದಳು.

“ಅಯ್ಯೋ ಅಕ್ಕಾ, ಬಾಯಿ ಯಾಕೆ ಇಷ್ಟಗಲ?”

“ಖಾಲಿ ಅಂದ್ಮೇಲೆ ಪೂರ್ತಿ ಖಾಲಿ ಇರ್ಬೇಕಲ್ವಾ?”

“ಬಾಯಿ ಕಿರಿದಾದಷ್ಟೂ ಅದು ಸೇರಿಸೋದು ಜಾಸ್ತಿ. ಮಾಲು ಕಚ್ಚಿದಾಗ ಎಷ್ಟು ತೆರೆದಿರುತ್ತೋ, ಅಷ್ಟೇ ತೆರೆದು ಸೊನ್ನೆ ಮಾಡ್ಬೇಕು. ಇಲ್ಲಾಂದ್ರೆ ಕಳೆಯೋದು ಕಮ್ಮಿಯಾಗುತ್ತೆ.”

ಹಾಗೇ ಮಾಡಿದರು. ಅಳತೆಗಳೆಲ್ಲ ತೆಪ್ಪಗೆ ಸರಿಯಾದವು. ಕೋಣೆಯವರೆಲ್ಲ ಇದ್ದಕ್ಕಿದ್ದಂತೆ ಮಹಾ ಕೆಲಸಗಾರರಾಗಿ ಮೇಜಿನ ಮೇಲೆ ಬಗ್ಗಿದರು. ಸೊನ್ನೆಯಮ್ಮನ ಕಿವಿ ಕೆಂಪಾಯಿತು. ಎದ್ದು ನಿಂತಳು.

“ಮಾಲು ಸರಿಯಾಗಿದೆ, ತಪ್ಪು ನಂದೇ. ನಗೋರೆಲ್ಲ ಈಗ್ಲೇ ನಕ್ಕುಬಿಡಿ, ಆಮೇಲೆ ಕೆಲ್ಸ ಇದೆ.”

ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳು ಬಂದ ಅತಿಥಿ. ಅವಳನ್ನು ನೋಡಿ ಕೊನೆಗೆ ಸೊನ್ನೆಯಮ್ಮನಿಗೂ ತಡೆಯಲಾಗಲಿಲ್ಲ.

ಸಂಜೆ ಗಂಡ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಎಲ್ಲ ಕೇಳಿಸಿಕೊಂಡ. “ಬಾಯಿ ಎಷ್ಟು ತೆರೀಬೇಕು ಅಂತ ನಾನು ಹೇಳಿದ್ರೆ ಕೇಳ್ತೀಯಾ? ಹೊರಗಿನವರೇ ಬಂದು ಹೇಳ್ಬೇಕಾಯ್ತು.”

ನೂಲಿನ ಉಂಡೆಯೊಂದು ಅವನ ಬೆನ್ನಿಗೆ ಬಡಿಯಿತು.

ಆ ಇಬ್ಬರು ಹೆಂಗಸರೂ ಈಗ ಗಳಸ್ಯಕಂಠಸ್ಯ. ತಪಾಸಣಾ ಕೋಣೆಯ ಫೋನ್ ಯಾವಾಗಲೂ ಬ್ಯುಸಿ ಎಂದು ಮೇಲ್ವಿಚಾರಕರು ಗೊಣಗುತ್ತಿರುತ್ತಾರೆ.