ರಟ್ಟಿನೊಳಗೆ ಸಿಕ್ಕಿಬಿದ್ದ ಕಾದಂಬರಿ

ಬೆಳಗಿನ ಆರೂವರೆ. ದೇವದುರ್ಗದ ವಾಚನಾಲಯವೊಂದರ ಕಟ್ಟೆಯ ಮೇಲೆ ಬೈಂಡರ್ ಸೂಗಪ್ಪ ಹಳೆಯ ಪುಸ್ತಕದ ರಟ್ಟಿಗೆ ಒದ್ದೆ ಬಟ್ಟೆ ಹೊದಿಸಿ ಕೂತಿದ್ದಾರೆ. ರಾಯಚೂರಿನಿಂದ ಮೊದಲ ಬಸ್ಸಿಗೇ ಬಂದವರು. ಇಲ್ಲಿನ ಸವೆದ ಪುಸ್ತಕಗಳೆಲ್ಲ ಮಧ್ಯಾಹ್ನ ರದ್ದಿಗೆ ಹೋಗಲಿವೆ. ಅಷ್ಟರೊಳಗೆ ನಲವತ್ತು ರಟ್ಟು ಬಿಚ್ಚಬೇಕು. ಅಂಟು ನೆನೆದ ಮೇಲೆ ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಾರೆ. ಒಳಗಿನಿಂದ ಹೊರಬಂದದ್ದು ಹಳೇ ಪಂಚಾಂಗದ ಹಾಳೆ. "ಥತ್" ಎಂದು ಪಕ್ಕಕ್ಕಿಡುತ್ತಾರೆ.

ಅವರು ಹುಡುಕುತ್ತಿರುವುದು ಒಂದು ಕಾದಂಬರಿಯನ್ನು, ಅದೂ ಒಂದೊಂದೇ ಹಾಳೆಯಾಗಿ. ಅದನ್ನು ಹರಿದವರು ಯಾರು ಅಂತೀರಿ? ಇದೇ ಪುಣ್ಯಾತ್ಮ!

ಮೂವತ್ತೆರಡು ವರ್ಷದ ಹಿಂದಿನ ಮಾತು. ರಾಯಚೂರು, ಮಾನ್ವಿ, ದೇವದುರ್ಗದ ಶಾಲೆ, ವಾಚನಾಲಯಗಳಿಗೆ ಚೀಲ ಹೊತ್ತು ತಿರುಗಿ ಪುಸ್ತಕ ಕಟ್ಟುವ ಕೆಲಸಕ್ಕೆ ಆಗಷ್ಟೇ ಇಳಿದಿದ್ದರು. ರಟ್ಟು ಗಟ್ಟಿಯಾಗಲೆಂದು ಒಳಗೆ ರದ್ದಿ ಹಾಳೆ ಅಂಟಿಸುವುದು ರೂಢಿ. ಮುಖಪುಟವಿಲ್ಲದ ಪುಸ್ತಕವೊಂದು ಸಿಕ್ಕಿತು. ರದ್ದಿಯೇ ಇರಬೇಕೆಂದು ಹರಿದು ಊರೂರಿನ ಪುಸ್ತಕಗಳಿಗೆ ಅಂಟಿಸಿಬಿಟ್ಟರು.

ಆಮೇಲೆ, ರಿಪೇರಿಗೆ ಬಂದ ತೆಳ್ಳನೆಯ ವೈಜ್ಞಾನಿಕ ಕಾದಂಬರಿಗಳನ್ನು ಓದುವ ಹುಚ್ಚು ಹತ್ತಿತು. ಒಂದೇ ಮಾಲೆಯ ಹತ್ತೊಂಬತ್ತು ಪುಸ್ತಕಗಳಲ್ಲಿ ಹದಿನೆಂಟು ಸಿಕ್ಕವು, ಯಾವುದಕ್ಕೂ ಅಂಕಿಯಿಲ್ಲ. ಒಂದರಲ್ಲಿದ್ದವರು ಇನ್ನೊಂದರಲ್ಲಿಲ್ಲ, ಗ್ರಹವೂ ಬೇರೆ. ಆದರೆ ಎಲ್ಲದರಲ್ಲೂ ಊರು ಬಿಟ್ಟವರ ಹಂಬಲ, ನೀರಿನ ಹುಡುಕಾಟ, ಭೂಮಿಯಿಂದ ಒಯ್ದ ಒಂದು ಚೀಲ ಜೋಳದ ಬೀಜ. ಓದುವ ಕ್ರಮವನ್ನು ಸೂಗಪ್ಪ ಕಂಡುಕೊಂಡದ್ದು ಆ ಚೀಲದಿಂದಲೇ.

"ಒಂದ್ರಾಗ ಚೀಲ ತುಂಬ ಅದ, ಇನ್ನೊಂದ್ರಾಗ ಅರ್ಧ ಆಗ್ಯದ. ಹೊಟ್ಟಿ ಹಸದ್ರ ತಿಂತಾರಲ್ರೀ? ಹಂಗ ಕಡಿಮಿ ಆಗೋದು ನೋಡಿ ಜೋಡಿಸೀನಿ." ಈಗ ದಿನಕ್ಕೆ ಆರೇಳು ಪುಸ್ತಕ ಕಟ್ಟುತ್ತಾರೆ, ಈ ಮಾಲೆಯದು ಸಿಕ್ಕರೆ ಕ್ರಮದ ಚೀಟಿ ಅಂಟಿಸುತ್ತಾರೆ. ಚೀಟಿಯಲ್ಲಿ ಅವರ ಹೆಸರಿಲ್ಲ.

ಹದಿನೇಳನೆಯದರಲ್ಲಿ ಉಳಿದದ್ದು ಒಂದೇ ಹಿಡಿ ಬೀಜ. ಹತ್ತೊಂಬತ್ತನೆಯದರಲ್ಲಿ ಕಣ್ಣು ಹಾಯುವಷ್ಟೂ ಜೋಳದ ಹೊಲ. ನಡುವಿನ ಹದಿನೆಂಟನೆಯದೆಲ್ಲಿ? ಮುಖಪುಟವಿಲ್ಲದ ಆ ಪುಸ್ತಕವನ್ನು ಹರಿಯುವಾಗ ಕಣ್ಣಿಗೆ ಬಿದ್ದಿದ್ದ ಜೋಳದ ಮಾತು ಸೂಗಪ್ಪನವರಿಗೆ ನೆನಪಾಯಿತು: ತಾವು ಹರಿದದ್ದು ಅದನ್ನೇ. ಇನ್ನೊಂದು ಪ್ರತಿ ಇದುವರೆಗೆ ಎಲ್ಲೂ ಸಿಕ್ಕಿಲ್ಲ. ನೂರಹನ್ನೆರಡು ಪುಟಗಳಲ್ಲಿ ಎಪ್ಪತ್ನಾಲ್ಕು ಕೈಸೇರಿವೆ.

ಮಾಲೆಯ ಇನ್ನೊಬ್ಬ ಓದುಗಿ, ಮಾನ್ವಿಯ ಶಿಕ್ಷಕಿ ಗುಲ್ನಾಜ್ ಫೋನ್ ಮಾಡುತ್ತಾರೆ. "ಸಿಕ್ತೇನ್ರೀ ಕಾಕಾ? ಇಲ್ಲಾಂದ್ರ ಉಳದ ಪುಟ ನಾನಾ ಬರದು ಕೊಡ್ಲೇನು?"

"ಬ್ಯಾಡ್ರೀ ಟೀಚರ್. ಲೇಖಕ್ರು ಬರದದ್ದಾ ಬೇಕು ನನಗ."

ಮಧ್ಯಾಹ್ನ ರದ್ದಿಯ ಗಾಡಿ ಬಂದು ನಿಲ್ಲುತ್ತದೆ. ಮೂವತ್ತೆಂಟನೆಯ ರಟ್ಟಿನಿಂದ ಒಂದು ಹಾಳೆ ಏಳುತ್ತದೆ. ಸೂಗಪ್ಪ ಅದನ್ನು ಅಂಗೈ ಮೇಲೆ ಹರಡಿಕೊಂಡು, ತುಟಿ ಅಲುಗಿಸುತ್ತ ಓದುತ್ತಾರೆ. ಕಣ್ಣು ತುಂಬಿ ಬರುತ್ತದೆ.

"ಮುದುಕಿ ಒಬ್ಬಾಕಿ ಅದಾಳ್ರೀ. ಮೂರು ದಿನ ಆತು, ಹೊಟ್ಟಿಗಿಲ್ಲ. ಆದ್ರೂ ಬೀಜದ ಹಿಡಿ ಬಿಚ್ಚಿಲ್ಲ ಆಕಿ." ಪುಟ ಅಲ್ಲಿಗೇ ಮುಗಿದಿದೆ. ಹಾಳೆಯನ್ನು ನೆರಳಿಗೆ ಹಾಕಿ, ಉಳಿದೆರಡು ರಟ್ಟನ್ನೂ ಬಿಚ್ಚಿ ನೋಡುತ್ತಾರೆ. ಏನೂ ಇಲ್ಲ.

"ಮುಂದಿನ ಹಾಳಿ ಮಾನ್ವಿ ಕಡೀಗೆ, ಕಲ್ಲೂರಾಗ, ಯಾವ್ದಾರ ರಟ್ಟಿನ್ಯಾಗ ಇದ್ದೀತು. ಆಕಿ ಕೈಯಾಗಿನ ಬೀಜ ಮಣ್ಣಿಗಿ ಬೀಳೋದು ಒಂದು ಓದಿಬಿಟ್ರ ಸಾಕ್ರೀ ನನಗ."