ಸರಸ್ವತಿ ಪೂಜೆಗೆ ಕೂತ ಬೈಬಲ್

ಅರವತ್ತರ ದಶಕದ ಆರಂಭದಲ್ಲಿ ಜಯನಗರದ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರಿದ್ದರು. ಅಚ್ಚಾದ ಬೈಬಲ್ ಮನೆಯಲ್ಲಿದ್ದರೂ ಅವರು ಇಡೀ ಬೈಬಲನ್ನು ಕನ್ನಡದಲ್ಲಿ ಕೈಯಾರೆ ಬರೆಯುತ್ತಿದ್ದರು. ಹಾಳೆಯ ಅಂಚಿಗೆಲ್ಲ ಲಾಲ್‌ಬಾಗಿನಲ್ಲಿ ನೋಡಿಬಂದ ಹೂಬಳ್ಳಿಗಳು, ಅಧ್ಯಾಯದ ಮೊದಲ ಅಕ್ಷರಕ್ಕೆ ಚಿನ್ನದ ಬಣ್ಣ. ನಾವು ಮಕ್ಕಳು ಬಗ್ಗಿ ನೋಡಿದರೆ, "ದೂರ ನಿಂತ್ಕೊಳ್ಳಿ, ಉಸಿರು ತಾಗುತ್ತೆ" ಎಂದು ಗದರುತ್ತಿದ್ದರು. ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

ಒಂದು ನವರಾತ್ರಿಯಲ್ಲಿ ಅವರು ಮನೆಗೆ ಸುಣ್ಣ ಬಳಿಸುತ್ತಿದ್ದರು. ಬರೆದ ಹಾಳೆಗಳ ಕಟ್ಟನ್ನು ಜೋಪಾನವಾಗಿಡಲು ಅಮ್ಮನ ಕೈಗೆ ಕೊಟ್ಟು ಹೋದರು. ಮರುದಿನ ಸರಸ್ವತಿ ಪೂಜೆ. ಅಮ್ಮ ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿ, ಆ ಕಟ್ಟನ್ನು ಎಲ್ಲಕ್ಕಿಂತ ಮೇಲಿಟ್ಟು, ಮೊದಲ ಹಾಳೆಗೇ ಅರಿಶಿನ ಕುಂಕುಮ ಹಚ್ಚಿಬಿಟ್ಟರು.

ಸಂಜೆ ಟೀಚರ್ ಬಂದು ನೋಡಿ ದಂಗಾದರು. "ಇದೇನ್ರೀ ಹೀಗ್ ಮಾಡ್ಬಿಟ್ರಿ!"

"ಕೈಲಿ ಬರೆದಿದ್ದು ಅಂತಾನೇ ಮೇಲಿಟ್ಟೆ" ಎಂದರು ಅಮ್ಮ. "ಮನೇಲಿರೋ ಪುಸ್ತಕಾನ ಪೂಜೆಗಿಡದೆ ಇರೋಕಾಗುತ್ತಾ? ಇವತ್ತು ಮುಟ್ಟೋ ಹಾಗಿಲ್ಲ, ನಾಳೆ ತಗೊಂಡೋಗಿ."

ಟೀಚರ್ ಬರಿಗೈಯಲ್ಲಿ ಹೊರಟುಹೋದರು. ಆ ವರ್ಷ ಅವರ ಮನೆಯಿಂದ ಕ್ರಿಸ್‌ಮಸ್ ತಿಂಡಿಯ ತಟ್ಟೆ ಬರಲಿಲ್ಲ. ಅಮ್ಮನೂ ಯುಗಾದಿಯ ಒಬ್ಬಟ್ಟು ಕಳಿಸಲಿಲ್ಲ.

ಮುಂದಿನ ವರ್ಷ ಪೂಜೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಟೀಚರೇ ನಿಂತಿದ್ದರು. ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಅದೇ ಕಟ್ಟು, ಈಗ ಇನ್ನಷ್ಟು ದಪ್ಪವಾಗಿತ್ತು.

"ಬಟ್ಟೆ ಬಿಚ್ಬೇಡಿ, ಕುಂಕುಮ ಅದರ ಮೇಲೇ ಇಡಿ" ಎಂದು ಅಮ್ಮನ ಕೈಗೆ ಕೊಟ್ಟರು. "ನಾಳೆ ಬಂದು ತಗೊಂಡೋಗ್ತೀನಿ."